ಮಂಡಕ್ಕಿ ಅಳೆದು ರಾಜ್ಯ ಮಟ್ಟಕ್ಕೆ: ನನ್ನ ಅನುಭವ

ವಿಜ್ಞಾನ ಪ್ರಾಜೆಕ್ಟ್ ಅಂದರೆ ಇವತ್ತಿಗೂ ಥರ್ಮಾಕೋಲ್ ಜ್ವಾಲಾಮುಖಿ, ಇಲ್ಲವೇ ಬಲ್ಬ್ ಉರಿಯುವ ಮಾದರಿ. ದಾವಣಗೆರೆಯಲ್ಲಿದ್ದುಕೊಂಡು ಮಂಡಕ್ಕಿ ಬಿಟ್ಟು ಬೇರೇನು ಹುಡುಕಬೇಕು ಅಂತ ನಾನು ಹೇಳಿದಾಗ ಸ್ಟಾಫ್ ರೂಮಿನಲ್ಲಿ ಯಾರೂ ಒಪ್ಪಲಿಲ್ಲ. "ತಿನ್ನೋದು ಬಿಟ್ಟು ಅಳೆಯೋದೇನ್ರಿ ಸರ್? ತೀರ್ಪುಗಾರರ ಮುಂದೆ ಚೀಲ ಇಡ್ತೀರಾ?" ಅಂದರು. ಆ ಚೀಲವೇ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಜಿಲ್ಲೆ ದಾಟಿ ರಾಜ್ಯ ಮಟ್ಟಕ್ಕೆ ಹೋಯಿತು.

ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗಿಯರು. ಒಬ್ಬಳ ಮನೆಯವರು ಮಂಡಕ್ಕಿ ಭಟ್ಟಿಯಲ್ಲೇ ದುಡಿಯುವವರು. "ಒಳ್ಳೆ ಮಂಡಕ್ಕಿ ಮಾಡೋದು ಹೇಗೆ" ಅಂತ ಶುರು ಮಾಡಿದರು. ಒಳ್ಳೆಯದು ಅಂದರೆ ಏನು, ಹೇಗೆ ಅಳೆಯುತ್ತೀರಿ ಅಂತ ಕೇಳಿ ಕೇಳಿ, ಕೊನೆಗೆ "ಉಪ್ಪು ಹಾಕಿದರೆ ಅಕ್ಕಿ ಜಾಸ್ತಿ ಉಬ್ಬುತ್ತದಾ?" ಅನ್ನುವುದಕ್ಕೆ ಬಂದು ನಿಂತೆವು. ಇದಕ್ಕೇ ಹೆಚ್ಚು ಸಮಯ ಹಿಡಿಯಿತು. ಹಿಡಿಯಲಿ ಬಿಡಿ. ಪ್ರಶ್ನೆ ಸಣ್ಣದಾಗದೆ ಮುಂದೆ ಹೋಗಲೇಬೇಡಿ.

ಮನೆಯ ಸೋನಾ ಮಸೂರಿ ತಂದು ಹುರಿದರೆ ಕಪ್ಪಾಯಿತು, ಉಬ್ಬಲಿಲ್ಲ. ಭಟ್ಟಿಯವರ ಹತ್ತಿರ ಮಂಡಕ್ಕಿಗೆಂದೇ ಭತ್ತ ಬೇಯಿಸಿ ಮಾಡಿದ ಅಕ್ಕಿ ಐದಾರು ಕೆಜಿ ತಗೊಂಡೆವು. ಅಕ್ಕಿ ಹುರಿಯುವ ಮರಳಿನ ಬಿಸಿ ಅಳೆಯಲು ಕೊರೊನಾ ಕಾಲದ ಜ್ವರದ ಗನ್ ಹಿಡಿದರೆ ಬರೀ 'ಹೈ' ಅಂತ ತೋರಿಸಿತು. ಅದು ಮೈಬಿಸಿಗೆ ಮಾಡಿದ್ದು, 240 ಡಿಗ್ರಿ ಮರಳಿಗಲ್ಲ. ಕಾರ್ಖಾನೆಯವರು ಬಳಸುವ ಗನ್‌ಗೆ 1,200 ರೂಪಾಯಿ ಆಯಿತು. ಗ್ರಾಂ ತಕ್ಕಡಿ 400ರ ಆಸುಪಾಸು. ಅಕ್ಕಿ, ಗ್ಯಾಸು, ಬಾಣಲೆ, ಜರಡಿ ಎಲ್ಲ ಸೇರಿ 3,000 ದಾಟಿತು. ಮಕ್ಕಳ ಪ್ರಾಜೆಕ್ಟ್‌ಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಮಾನಕ್‌ನ 10,000 ನಮಗೆ ಬಂದಿರಲಿಲ್ಲ. ಎಲ್ಲ ಕೈಯಿಂದಲೇ. ಹುರಿಯುವುದು ಮಾತ್ರ ನಾನೇ, ಮಕ್ಕಳನ್ನು ಮರಳಿನ ಹತ್ತಿರ ಬಿಡಲಿಲ್ಲ.

ಅಳತೆ ಬಹಳ ಕಾಡಿತು. ಮಂಡಕ್ಕಿಯನ್ನು ಲೋಟಕ್ಕೆ ಸುಮ್ನೆ ಸುರಿದರೆ ಒಂದು ಲೆಕ್ಕ, ತಟ್ಟಿ ತುಂಬಿದರೆ ಇನ್ನೊಂದು. ಸೇರಿನಲ್ಲಿ ಅಳೆದು ಕೊಡುವಾಗ ಗಿರಾಕಿ ಜಗಳ ತೆಗೆಯುವುದೂ ಇದಕ್ಕೇ ಅಲ್ವಾ! ಪ್ಲಾಸ್ಟಿಕ್ ಬಾಟಲಿಯ ತಲೆ ಕತ್ತರಿಸಿ ಆಲಿಕೆ ಮಾಡಿದೆವು. ಅದನ್ನು ಲೋಟದಿಂದ ಒಂದು ಗೇಣು ಮೇಲೆ ಕಟ್ಟಿ, ಸುರಿದು, ಮೇಲ್ಭಾಗವನ್ನು ಸ್ಕೇಲಿನಿಂದ ಒಂದೇ ಸಲ ಸವರಬೇಕು. ತಟ್ಟುವಂತಿಲ್ಲ. ಮಳೆಗಾಲದಲ್ಲಿ ಮಂಡಕ್ಕಿ ಬೇಗ ಮೆತ್ತಗಾಗುತ್ತದೆ, ಆದ್ದರಿಂದ ಆರಿದ ಕೂಡಲೇ ಅಳತೆ. ಹುರಿದ ಪೊಟ್ಟಣಗಳಿಗೆ ಅ, ಆ, ಇ, ಈ ಅಂತ ಗುರುತು. ಅಳೆಯುವವಳಿಗೆ ಯಾವುದರಲ್ಲಿ ಎಷ್ಟು ಉಪ್ಪು ಅಂತ ಗೊತ್ತಿರಬಾರದು. ಗೊತ್ತಿದ್ದರೆ ಕೈ ತಾನಾಗಿ ವಾಲುತ್ತದೆ.

ಮೊದಲ ಸುತ್ತುಗಳಲ್ಲಿ ಉಪ್ಪು ಭಾರೀ ಗೆದ್ದಿತು. ಒಂದು ಲೋಟ ಅಕ್ಕಿ ಉಪ್ಪಿಲ್ಲದೆ ಐದು ಲೋಟ, ಉಪ್ಪು ಹಾಕಿದ್ದು ಎಂಟರ ಹತ್ತಿರ. ಚಾರ್ಟ್ ಬರೆಸೋಣ ಅನ್ನುವ ಹೊತ್ತಿಗೆ ಭಟ್ಟಿ ಮನೆಯ ಹುಡುಗಿ ತಡೆದಳು. "ಸರ್, ಉಪ್ಪನ್ನ ನೀರಲ್ಲಿ ಕರಗಿಸಿ ಹಾಕೇವಿ. ಉಪ್ಪಿಲ್ದ ಅಕ್ಕಿಗೆ ನೀರೇ ಹಾಕಿಲ್ಲಲ್ರಿ!" ಇಡೀ ಪ್ರಾಜೆಕ್ಟ್‌ನಲ್ಲಿ ನನಗೆ ಬಹಳ ಖುಷಿ ಕೊಟ್ಟ ಮಾತು ಇದು. ಅಕ್ಕಿ ಉಬ್ಬುವುದೇ ಒಳಗಿನ ನೀರು ಆವಿಯಾಗಿ ನುಗ್ಗುವುದರಿಂದ. ಹಾಗಾದರೆ ಗೆದ್ದಿದ್ದು ಉಪ್ಪಾ, ನೀರಾ?

ಮತ್ತೆ ಮೊದಲಿಂದ. ಎಲ್ಲ ಪೊಟ್ಟಣಕ್ಕೂ ಒಂದೇ ಅಳತೆ ನೀರು, ಉಪ್ಪು ಮಾತ್ರ ಬೇರೆ ಬೇರೆ. ಡಬ್ಬಿಯಲ್ಲಿ ಮುಚ್ಚಿ ರಾತ್ರಿ ಇಟ್ಟು, ಎಲ್ಲವೂ ಒಂದೇ ತೂಕಕ್ಕೆ ಬರುವವರೆಗೆ ಆರಿಸುವುದು. ಪ್ರತಿಯೊಂದನ್ನೂ ಮೂರು ಮೂರು ಸಲ ಹುರಿಯುವುದು. ಈಗ ಉಪ್ಪಿಲ್ಲದ ಅಕ್ಕಿಯೂ ಆರೂವರೆ ಲೋಟಕ್ಕೆ ಏರಿತು. 100 ಗ್ರಾಂ ಅಕ್ಕಿಗೆ 2 ಗ್ರಾಂ ಉಪ್ಪಿನವರೆಗೆ ಲಾಭ ಉಂಟು, ಆಮೇಲೆ ಹಾಕಿದ್ದು ಬರೀ ರುಚಿಗೆ. ಅಂದರೆ ನಾವು ಉಪ್ಪಿನದು ಅಂದುಕೊಂಡಿದ್ದರಲ್ಲಿ ಅರ್ಧ ನೀರಿನದು. ಹಳೆಯ ಅಂಕಿಗಳನ್ನು ಹರಿಯಲು ನಾನು ಬಿಡಲಿಲ್ಲ, ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಎಳೆಸಿ ಹಾಗೇ ಇಡಿಸಿದೆ.

ಮರಳು ಹದಕ್ಕೆ ಬಂತಾ ಅಂತ ಭಟ್ಟಿಯವರು ನಾಲ್ಕು ಕಾಳು ಎಸೆದೇ ಹೇಳುತ್ತಾರೆ. ನಮ್ಮ ಗನ್‌ಗಿಂತ ಅವರ ಕಣ್ಣು ಚುರುಕು. ಎಷ್ಟು ಎಣಿಸುವಷ್ಟರಲ್ಲಿ ಅರಳಬೇಕು ಅನ್ನುವ ಲೆಕ್ಕ ನಮಗೂ ಹೇಳಿಕೊಟ್ಟರು. ಅದನ್ನಿಲ್ಲಿ ಬರೆಯುವುದಿಲ್ಲ, ಅದು ಅವರ ಕಸುಬು. ಅಕ್ಕಿ ಸಮವಾಗಿ ಆರಿಸುವ ನಮ್ಮ ಉಪಾಯವೂ ಸದ್ಯಕ್ಕೆ ನಮ್ಮಲ್ಲೇ ಇರಲಿ.

ನಡುವೆ ನಾಗರಪಂಚಮಿ ಬಂತು, ಮಕ್ಕಳು ಜೋಳದ ಅರಳಿನ ಹಿಂದೆ ಬಿದ್ದರು. ಸೂಜಿಯಿಂದ ಚುಚ್ಚಿದ ಕಾಳು, ಚುಚ್ಚದ ಕಾಳು ಬೇರೆ ಬೇರೆ ಹುರಿದೆವು. ಚುಚ್ಚಿದವು ಹೆಚ್ಚಿನಂಶ ಅರಳಲೇ ಇಲ್ಲ, ಆವಿ ತೂತಿನಿಂದ ಸೋರಿಹೋಯಿತು. ಪ್ರಾಜೆಕ್ಟ್‌ಗೆ ಸೇರಿಸಲಿಲ್ಲ, ಆದರೆ ಕ್ಲಾಸಿನಲ್ಲಿ ಈಗ ಪ್ರತಿ ವರ್ಷ ಮಾಡಿಸುತ್ತೇನೆ.

ಸಮಾವೇಶದಲ್ಲಿ ತೀರ್ಪುಗಾರರು ಚಾರ್ಟ್ ಕಡೆ ಹೆಚ್ಚು ನೋಡಲಿಲ್ಲ. ನೋಟ್‌ಬುಕ್ ತಿರುವಿ, ಅಡ್ಡಗೆರೆಯ ಪುಟದಲ್ಲಿ ನಿಂತು, "ಇದ್ಯಾಕೆ ಹೊಡೆದು ಹಾಕಿದ್ರಿ?" ಅಂದರು. ಹುಡುಗಿಯರಿಬ್ಬರೂ ನೀರಿನ ಕಥೆಯನ್ನು ಒಂದೇ ಉಸಿರಿಗೆ ಹೇಳಿದರು. ನಾನು ಬಾಯಿ ತೆರೆಯುವ ಪ್ರಮೇಯವೇ ಬರಲಿಲ್ಲ.