ಬ್ಯಾಟರಿ ಇಲ್ದೆ ಉಸಿರು ಅಳೆಯೋ ಎದೆಪಟ್ಟಿ: ನನ್ನ ಅನುಭವ

ಟ್ರೈಬೋಎಲೆಕ್ಟ್ರಿಕ್ ಪ್ಯಾಚ್ (ಪದರಗಳು ತಾಗಿ ಬಿಟ್ಟಾಗ ವಿದ್ಯುತ್ ಹುಟ್ಟಿಸೋದು) ಮೇಜಿನ ಮೇಲೆ ಎಲ್‌ಇಡಿ ಉರಿಸುತ್ತೆ, ಮೈಮೇಲೆ ಹಾಕಿದ್ರೆ ಸತ್ತೋಗುತ್ತೆ ಅಂತ ಜೊತೆಗಿದ್ದೋರೆಲ್ಲ ಹೇಳಿದ್ರು. 8 ತಿಂಗಳು ಹಾಗೇ ಆಯ್ತು ಕೂಡ. ಈಗ 2 ವಾರದಿಂದ ಬ್ಯಾಟರಿ ಇಲ್ದೆ ಓಡ್ತಿದೆ.

ಮೊದಲ ಪೆಟ್ಟು ಪ್ಯಾಚ್‌ಗೆ ಬಳಸಿದ ಪಿಡಿಎಂಎಸ್ ಅನ್ನೋ ಸಿಲಿಕೋನ್ ರಬ್ಬರ್‌ದು. ರಬ್ಬರ್ ದ್ರವ, ಗಟ್ಟಿಮಾಡೋ ದ್ರವ 10:1 ಸರಿಯಾಗೇ ಕಲಸಿ ಓವನ್‌ಗಿಟ್ರೂ ಮೇಲ್ಮೈ ಅಂಟಂಟು, 4 ಬ್ಯಾಚ್ ಎಸೆದೆ, ಆಮೇಲೆ ಗೊತ್ತಾಯ್ತು ನನ್ನ ಲೇಟೆಕ್ಸ್ ಗ್ಲೌಸ್‌ನ ಗಂಧಕ ಕ್ಯೂರಿಂಗನ್ನೇ (ಗಟ್ಟಿಯಾಗೋದನ್ನೇ) ತಡೀತಿತ್ತು ಅಂತ. ನೈಟ್ರೈಲ್‌ಗೆ ಬದಲಾಯಿಸ್ದೆ, ಮುಗೀತು. ವಿದ್ಯುತ್ ಹೊರಗೆ ತರೋ ತಾಮ್ರದ ಟೇಪ್ ಬಗ್ಗಿ ಬಗ್ಗಿ ಬಿರುಕು ಬಿಡ್ತಿತ್ತು, ಅದ್ರ ಜಾಗಕ್ಕೆ ಬೆಳ್ಳಿ ಲೇಪದ ಬಟ್ಟೆ ಬಂತು.

ದುಡ್ಡೆಲ್ಲ ಹೋಗಿದ್ದು ಅಳೆಯೋದಕ್ಕೆ. 10 ಮೆಗಾಓಮ್ ಪ್ರೋಬ್ ಇಟ್ರೆ ಸಿಗ್ನಲ್ಲೇ ಕುಸಿಯುತ್ತೆ, ಹಾಗಾಗಿ ಸಿಗ್ನಲ್ ಕುಸಿಯದ ಹಾಗೆ ಅಳೆಯೋ ಹಳೇ ಎಲೆಕ್ಟ್ರೋಮೀಟರ್ ತಗೊಂಡೆ, ಒಟ್ಟು ಖರ್ಚಲ್ಲಿ ಮುಕ್ಕಾಲು ಪಾಲು ಅದೊಂದೇ ತಿಂತು. ಆದ್ರೆ ಅದಿಲ್ದಿದ್ರೆ ನಿಜವಾದ ಕಳ್ಳ ಸಿಗ್ತಾನೇ ಇರ್ಲಿಲ್ಲ. ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋಕೆ, ವೋಲ್ಟೇಜ್ ಡ್ರಾಪ್ ಕಡಿಮೆ ಅಂತ ಶಾಟ್ಕಿ ಡಯೋಡ್ ಹಾಕಿದ್ದೆ, ಅದ್ರ ರಿವರ್ಸ್ ಲೀಕೇಜ್ (ಹಿಮ್ಮುಖ ಸೋರಿಕೆ) ಮತ್ತೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಲೀಕೇಜ್ ಸೇರಿ ಉಸಿರಿಂದ ಬಂದ ನ್ಯಾನೋಆಂಪ್‌ಗಳನ್ನ ಪೂರ್ತಿ ನುಂಗ್ತಿತ್ತು! ಪ್ಯಾಚ್ ಯಾವತ್ತೂ ಕೆಟ್ಟಿರ್ಲೇ ಇಲ್ಲ. ಲೀಕೇಜ್ ಕಡಿಮೆ ಇರೋ ಸಿಲಿಕಾನ್ ಡಯೋಡ್, ಫಿಲ್ಮ್ ಕೆಪಾಸಿಟರ್‌ಗಳನ್ನ ಜೋಡಿಸಿ ಹತ್ರತ್ರ 47 ಮೈಕ್ರೋಫ್ಯಾರಡ್ ಮಾಡ್ಕೊಂಡೆ, 3 ವೋಲ್ಟ್‌ಗೆ ಏರಿದ ಮೇಲೆ ರೇಡಿಯೋ ಆನ್, 2ಕ್ಕೆ ಇಳಿದ್ರೆ ಆಫ್. ಆ ನಡುವೆ ಸಿಗೋದು ಸುಮಾರು 120 ಮೈಕ್ರೋಜೌಲ್, ಅಷ್ಟರಲ್ಲೇ ಚಿಪ್ ಎದ್ದು ಬ್ಲೂಟೂತ್‌ನ 3 ಅಡ್ವರ್ಟೈಸಿಂಗ್ (ತಾನಿದ್ದೀನಿ ಅಂತ ಸಾರೋ) ಚಾನೆಲ್ ಬದ್ಲು ಒಂದ್ರಲ್ಲಿ ಕೂಗಿ ಮಲಗ್ಬೇಕು.

ನಂಗೆ ಹೆಮ್ಮೆ ಇರೋದು ಇದ್ರಲ್ಲಿ: ರೇಡಿಯೋ ಕಳಿಸೋ ಪ್ಯಾಕೆಟ್ ಒಳಗೆ ಐಡಿ ಬಿಟ್ರೆ ಏನೂ ಇಲ್ಲ. ಎರಡು ಪ್ಯಾಕೆಟ್ ನಡುವಿನ ಸಮಯವೇ ಅಳತೆ. ಸುಮ್ನೆ ಕೂತ್ರೆ 5-6 ನಿಮಿಷಕ್ಕೊಂದು, ಉಸಿರು ಜೋರಾದ್ರೆ ಬೇಗ ಬೇಗ. ವೋಲ್ಟೇಜನ್ನ ಅಂಕಿಗೆ ಬದಲಾಯಿಸೋ ಎಡಿಸಿ ಬೇಕಾಗೇ ಇಲ್ಲ.

ಬೆವರಿಗೆ ಅಂಚು ಸೀಲ್ ಮಾಡಿದ್ದು ಹೇಗೆ, ಮೇಲ್ಮೈ ಅಚ್ಚಿಗೆ ಯಾವ ಗ್ರಿಟ್‌ನ ಸ್ಯಾಂಡ್‌ಪೇಪರ್ ಅನ್ನೋದನ್ನ ಸದ್ಯಕ್ಕೆ ಹೇಳಲ್ಲ, 30ಕ್ಕೂ ಹೆಚ್ಚು ಪ್ಯಾಚ್ ಹಾಳುಮಾಡಿ ಕಲ್ತಿದ್ದು ಅದು.

ಇದ್ರ ಮಧ್ಯೆ ಸೀಲ್ ಮಾಡದ ಪ್ಯಾಚ್ ಒಂದನ್ನ ಪಕ್ಕದಲ್ಲೇ ಬೇರೆ ಐಡಿ ಕೊಟ್ಟು ಕಟ್ಟಿ ನೋಡ್ದೆ. ಗಾಳೀಲಿ ತೇವ ಏರಿದ ಹಾಗೆ ಅದು ನಿಧಾನ ಆಗುತ್ತೆ, ಸೀಲ್ ಆಗಿರೋದು ಆಗಲ್ಲ, ಎರಡರ ಅನುಪಾತ ತೇವಾಂಶದ ಜೊತೆ ಚೆನ್ನಾಗೇ ಕೂರ್ತಿದೆ. ಮೈ ಬೆವತ್ರೆ ಮಾತ್ರ ಲೆಕ್ಕ ತಪ್ಪುತ್ತೆ, ಈಗ ಸೀಲ್ ಮಾಡದ್ದನ್ನ ಚರ್ಮದಿಂದ ದೂರ, ಬಟ್ಟೆ ಹೊರಗಡೆ ಹೊಲಿದು ನೋಡ್ತಿದೀನಿ.