ಕರಡದ ನೀರಲ್ಲಿ ಒಂದು ಎರಡಾದದ್ದು

ಹತ್ತನೇ ಕ್ಲಾಸಿಗೆ ದ್ವಿವಿದಳನದ, ಅಂದರೆ ಒಂದು ಜೀವಿ ಒಡೆದು ಎರಡಾಗುವ ಪಾಠ ಬಂದಾಗ ವರ್ಷವೂ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಮುಗಿಸುತ್ತಿದ್ದೆ. ಕಳೆದ ವರ್ಷ ಮಾತ್ರ, ಕೆರೆ ನೀರಲ್ಲಿರುವ ಪ್ಯಾರಮೀಸಿಯಂ ಅನ್ನೋ ಒಂದೇ ಕೋಶದ ಜೀವಿಯಲ್ಲಿ ಅದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕು ಅನ್ನಿಸಿತು.

ನಮ್ಮ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ. ಕೊಟ್ಟಿಗೆಯ ಅಟ್ಟದಲ್ಲಿ ಬೆಟ್ಟದ ಕರಡ, ಅಂದರೆ ಒಣಹುಲ್ಲು, ಇದ್ದೇ ಇರುತ್ತದೆ. ಒಂದು ಹಿಡಿ ಕತ್ತರಿಸಿ ಬಾವಿ ನೀರಲ್ಲಿ 10 ನಿಮಿಷ ಕುದಿಸಿದೆ. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ, ಜೀವಿಗಳು ಸಾಯುತ್ತವೆ. ಆರಿದ ಮೇಲೆ ಬಾಟಲಿಗೆ ಸುರಿದು, ಬಾಯಿಗೆ ತೆಳು ಬಟ್ಟೆ ಕಟ್ಟಿ 2 ದಿನ ಬಿಟ್ಟೆ. ನೀರು ಮಬ್ಬಾಯಿತು. ಬ್ಯಾಕ್ಟೀರಿಯಾ ಬೆಳೆದವು ಅಂತ ಅರ್ಥ, ಪ್ಯಾರಮೀಸಿಯಂಗೆ ಅದೇ ಊಟ. ಆಮೇಲೆ ತೋಟದ ಕೆಳಗಿನ ಕೆರೆಯಿಂದ, ಎಲೆ ಕೊಳೆತ ಅಂಚಿನ ನೀರು ಅರ್ಧ ಲೋಟ ಸೇರಿಸಿದೆ. ನಾತಕ್ಕೆ ಅತ್ತೆಯವರು ಬಾಟಲಿಯನ್ನು ಜಗಲಿಗೆ ಸಾಗಿಸಿದರು.

ನಡುವೆ ರಜೆ ಬಂತು, ಬಾಟಲಿ ಮರೆತೇಹೋಯಿತು. 3 ವಾರದ ಮೇಲೆ ಶಾಲೆಗೆ ಒಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸ್ಲೈಡ್ ತುಂಬ ಜೋಡಿಗಳು! "ನೋಡಿ, ಒಡೀತಾ ಇವೆ" ಅಂತ ಹಿಗ್ಗಿನಿಂದ ಮಕ್ಕಳನ್ನು ಕರೆದೆ.

ಒಬ್ಬಳು ಕಣ್ಣು ತೆಗೆಯದೆ ಕೇಳಿದಳು, "ಅಕ್ಕೋರೆ, ಇವು ಪಕ್ಕಪಕ್ಕ ಅಂಟಿಕೊಂಡಿವೆ. ಚಿತ್ರದಲ್ಲಿ ಒಂದರ ಹಿಂದೆ ಒಂದು ಇತ್ತಲ್ವಾ?"

ಸರಿಯಾಗಿಯೇ ಹೇಳಿದ್ದಳು. ಅದು ಕಾಂಜುಗೇಶನ್. ಊಟ ಕಡಿಮೆಯಾದಾಗ ಎರಡು ಪ್ಯಾರಮೀಸಿಯಂ ಅಂಟಿಕೊಂಡು ಕೋಶಕೇಂದ್ರದ ಭಾಗ ಅದಲುಬದಲು ಮಾಡಿಕೊಳ್ಳುತ್ತವೆ. ಸೇರಿದ್ದು ಎರಡು, ಬೇರೆಯಾಗುವುದೂ ಎರಡೇ. ಸಂಖ್ಯೆ ಹೆಚ್ಚುವುದಿಲ್ಲ. ಎಂಟು ವರ್ಷ ಪಾಠ ಮಾಡಿದವಳಿಗೆ ಅದು ಹೊಳೆಯಲಿಲ್ಲ.

ಹೊಸ ಕರಡದ ನೀರಿಗೆ ಹಳೆಯದನ್ನು ಸ್ವಲ್ಪ ಹಾಕಿ, ಎರಡು ಅನ್ನದ ಅಗಳು ಬಿಟ್ಟೆ. 4 ದಿನಕ್ಕೆ ಗಿಜಿಗುಡತೊಡಗಿದವು. ಓಡಾಟ ಜಾಸ್ತಿ, ಹಾಗಾಗಿ ಹನಿಯಲ್ಲಿ ಹತ್ತಿಯ ಎಳೆ ಹರಡಿದೆ, ಅದರ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ನೀರು ಆರದಂತೆ ಕವರ್‌ಸ್ಲಿಪ್ಪಿನ ಅಂಚಿಗೆ ವ್ಯಾಸಲಿನ್ ಸವರಿದೆ.

10.40ಕ್ಕೆ ಒಂದು ಸಿಕ್ಕಿತು. ಎರಡು ಕಾಳಿನ ಶೇಂಗಾ ಕಾಯಿಯಂತೆ ನಡು ಸಣ್ಣಗಾಗಿತ್ತು. ಮಕ್ಕಳು ಸಾಲಾಗಿ ಬಂದು ನೋಡಿದರು. ನಡು ಇನ್ನೂ ಇನ್ನೂ ತೆಳುವಾಯಿತು. ಕೊನೆಗೆ ಮುಂದಿನ ಅರ್ಧ ಒಂದು ಕಡೆ, ಹಿಂದಿನ ಅರ್ಧ ಇನ್ನೊಂದು ಕಡೆ ಎಳೆದಾಡತೊಡಗಿದವು. ದಾರದಷ್ಟು ಉಳಿದಿದ್ದ ಸೇತುವೆ 11.15ರ ಹೊತ್ತಿಗೆ ಹರಿಯಿತು. ಎರಡೂ ಮೊದಲಿನದಕ್ಕಿಂತ ಗಿಡ್ಡ, ಕೊಂಚ ದುಂಡು.

"ಇದ್ರಲ್ಲಿ ಹಳೇದು ಯಾವುದು ಅಕ್ಕೋರೆ?" ಅಂತ ಹಿಂದಿನಿಂದ ಒಬ್ಬ ಕೇಳಿದ. ಹಳೇ ಬಾಯಿ ಮುಂದಿನದರ ಪಾಲಿಗೆ ಹೋಯಿತು, ಹಿಂದಿನದು ಹೊಸದು ಮಾಡಿಕೊಂಡಿತು ಅಂದೆ. ಅವನಿಗೆ ಸಮಾಧಾನವಾಗಲಿಲ್ಲ. ಅಷ್ಟರಲ್ಲಿ ಬೆಲ್ ಹೊಡೆಯಿತು.