ಸ್ಲೈಡ್ ಬಿಟ್ಟು ಚೀಟಿ ಹಿಡಿದೆ: ಕೆರೆ ಕಮಿಟಿ ಜೊತೆ ನನ್ನ ಅನುಭವ

"ಕಮಿಟಿಯವ್ರ ಕೈಗೆ ಮೀಟರ್ ಕೊಡ್ತೀಯಾ? ಕೆಟ್ಟೆ ನೀನು" ಅಂತ ನಮ್ಮೋರೇ ನಕ್ಕಿದ್ರು, ನೀರಲ್ಲಿ ಕರಗಿರೋ ಆಕ್ಸಿಜನ್ ಅಳೆಯೋ ಮೀಟರ್ ಅದು. ಕೊಳಚೆ ನೀರನ್ನ ಕೆರೆಗೆ ಬಿಡದೆ ತಿರುಗಿಸೋಕೆ ಅದೇ ಕಮಿಟಿ ಈಗ ಸಹಿ ಹಾಕಿದೆ, ಅದಕ್ಕೇ ಬರೀತಿದೀನಿ.

ಕೆರೆ ನೀರು ಕೆಟ್ಟಿದೆ ಅಂತ ಕಮಿಟಿಗೆ ಹೇಳೋಕೆ ಮೊದಲನೇ ವರ್ಷ ನಾನೂ ಎಲ್ರ ಹಾಗೇ, 60 ಚಿಲ್ರೆ ಸ್ಲೈಡು. ಇದ್ದ ದುಡ್ಡಲ್ಲಿ ಮುಕ್ಕಾಲು ಪಾಲು ಬಣ್ಣದ ಬ್ರೋಶರ್‌ಗೆ ಸುರಿದೆ, ಮೀಟಿಂಗ್ ದಿನ ನೋಡಿದ್ರೆ ಅದ್ರಲ್ಲಿ ಕುರ್ಚಿ ಧೂಳು ಒರೆಸ್ತಿದ್ರು. ಅದಕ್ಕಿಂತ ದೊಡ್ಡ ಎಡವಟ್ಟು, ಒಂದು ಲ್ಯಾಬ್ ಪೂರ್ತಿ ನೈಟ್ರೇಟ್ ತೂಕದ ಲೆಕ್ಕದಲ್ಲಿ ಲೀಟರ್‌ಗೆ 44 ಮಿಲಿಗ್ರಾಂ ಕೊಟ್ಟಿತ್ತು, ಇನ್ನೊಂದು ನೈಟ್ರೇಟ್-ನೈಟ್ರೋಜನ್ ಲೆಕ್ಕದಲ್ಲಿ, ಅಂದ್ರೆ ಅದ್ರೊಳಗಿನ ನೈಟ್ರೋಜನ್ ತೂಕ ಮಾತ್ರ, 10, ಎರಡೂ ಹೇಳೋದು ಒಂದೇನೇ, ನಾನು ಕಣ್ಮುಚ್ಚಿ ಒಂದೇ ಟೇಬಲ್‌ಗೆ ಹಾಕ್ಬಿಟ್ಟೆ. "ಯಾವ್ದು ಸುಳ್ಳು ಸರ್?" ಅಂದ್ರು ಒಬ್ರು ಮೇಡಂ. ಆರು ತಿಂಗ್ಳು ನನ್ ಮಾತಿಗೆ ಕಿಮ್ಮತ್ತೇ ಇರ್ಲಿಲ್ಲ.

ಕಮಿಟಿಯವ್ರ ವಾದ ಸುಲಭ: ನೀರು ಹಸಿರಾಗಿದೆ, ನಿಮ್ ರಿಪೋರ್ಟಲ್ಲೇ ಆಕ್ಸಿಜನ್ ಲೀಟರ್‌ಗೆ 13-14 ಮಿಲಿಗ್ರಾಂ ಇದೆ, ಮತ್ತೇನ್ ತೊಂದ್ರೆ? ಅದು ಮಧ್ಯಾಹ್ನದ ರೀಡಿಂಗ್, ಬಿಸಿಲಿಗೆ ಪಾಚಿ ಆಕ್ಸಿಜನ್ ಬಿಡೋ ಹೊತ್ತು. ಸರಿ, ಬೆಳಕು ಹರಿಯೋ ಮುಂಚೆ ಒಂದು ಹದಿನೈದು ಜನಾನ ದಡಕ್ಕೆ ಕರ್ಕೊಂಡ್ ಹೋದೆ, ಮೊದ್ಲು ಎಲ್ರೂ ಚೀಟಿ ಮೇಲೆ ಅಂದಾಜು ಬರೀಬೇಕು, ಹೆಸರು ಸಮೇತ. ಹಿರಿಯರೊಬ್ರು 8 ಬರೆದ್ರು. ಮೀಟರ್ ತೋರ್ಸಿದ್ದು ಒಂದೂವರೆ. ಕೆಟ್ಟಿದೆ ಅಂತ ಮೂರ್ ಸಲ ಅದ್ದಿದ್ರು, ಎರಡನೇ ಮೀಟರ್ ಕೇಳಿ ಅದನ್ನೂ ಅದ್ದಿದ್ರು (ಬಾಡಿಗೆಗೆ ತಂದಿದ್ದೆ, ಬ್ರೋಶರ್ ಖರ್ಚಲ್ಲಿ ಹತ್ತನೇ ಒಂದು ಭಾಗಾನೂ ಆಗ್ಲಿಲ್ಲ). ಆಮೇಲೆ ಮೆಲ್ಲಗೆ, "ರಾತ್ರಿ ಪಾಚಿನೂ ಉಸಿರಾಡುತ್ತೆ ಅಲ್ವಾ... ಅದಕ್ಕೇ ಮೀನು ಬೆಳಗಿನ ಜಾವ ಸಾಯೋದು" ಅಂದ್ರು. ಇದನ್ನೇ ನಾನು ನಾಲ್ಕು ಸ್ಲೈಡಲ್ಲಿ ಹೇಳಿದ್ದೆ! ಯಾರ ಕೈಗೆ ಮೊದ್ಲು ಮೀಟರ್ ಕೊಡ್ಬೇಕು ಅನ್ನೋದ್ರಲ್ಲಿ ಒಂದು ಗುಟ್ಟಿದೆ, ಅದನ್ನ ಇಲ್ಲಿ ಬಿಡಲ್ಲ.

ಇದೇ ಹುಮ್ಮಸ್ಸಲ್ಲಿ ನೆರೆ ವಿಷ್ಯಕ್ಕೂ ಕೈ ಹಾಕ್ದೆ. "ನೂರು ವರ್ಷದ ನೆರೆ ಬಂದೋಯ್ತು, ಇನ್ನು ನೂರು ವರ್ಷ ಆರಾಮು" ಅಂತಿದ್ದೋರಿಗೆ 99 ಬಿಳಿ ಮಣಿ, 1 ಕೆಂಪು ಮಣಿ ಇರೋ ಚೀಲ ಕೊಟ್ಟೆ. ನೂರು ವರ್ಷದ ನೆರೆ ಅಂದ್ರೆ ಪ್ರತಿ ವರ್ಷವೂ ನೂರಕ್ಕೆ ಒಂದು ಸಾಧ್ಯತೆ ಇರೋ ನೆರೆ, ಕೆಂಪು ಮಣಿ ಅಂದ್ರೆ ಅದು. ತೆಗೀರಿ, ವಾಪಸ್ ಹಾಕಿ, 30 ವರ್ಷಕ್ಕೆ 30 ಸಲ. ಲೆಕ್ಕದಲ್ಲಿ ಕೆಂಪು ಬರೋ ಸಾಧ್ಯತೆ 26% ಅಷ್ಟೆ, ನಮ್ಮ ಎಂಟು ಗುಂಪಲ್ಲಿ ಮೂರಕ್ಕೆ ಬಂತು ಅಂತ ನೆನಪು, ಒಂದಕ್ಕಂತೂ ಎರಡೆರಡು ಸಲ.

ಪಿಪಿಎಂ, ಅಂದ್ರೆ ಹತ್ತು ಲಕ್ಷದಲ್ಲಿ ಒಂದು ಪಾಲು, ಎಷ್ಟು ಅಂತ ತೋರ್ಸೋಕೆ 50 ಲೀಟರ್ ಡ್ರಮ್‌ಗೆ ಒಂದು ಹನಿ ಶಾಯಿ ಹಾಕಿದ್ದು ಮಾತ್ರ ಪೂರ್ತಿ ಉಲ್ಟಾ ಹೊಡೀತು. "ಇಷ್ಟೇನಾ? ಇದ್ರಿಂದ ಏನಾಗುತ್ತೆ" ಅಂದ್ಬಿಟ್ರು. ಡ್ರಮ್ ಇನ್ನೂ ನನ್ ಹತ್ರಾನೇ ಬಿದ್ದಿದೆ, ಬೇಕಾದೋರು ತಗೊಂಡೋಗಿ.